ಎದೆ ಏರಿಳಿದರೆ ಉಸಿರಾಟ ನಡೆದಂತೆಯೇ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ, ತೂಕ 92 ಕೆ.ಜಿ. ಪಕ್ಕದ ಕೋಣೆಗೂ ಕೇಳುವಷ್ಟು ಜೋರಾಗಿ ಗೊರಕೆ ಹೊಡೆಯುತ್ತಾರೆ. ಎರಡು ವರ್ಷದ ಹಿಂದೆ ಮುಂಗೈ ಮೂಳೆ ಮುರಿದಾಗ ಪೂರ್ಣ ಅರಿವಳಿಕೆ ಕೊಟ್ಟು ಪ್ಲೇಟ್ ಹಾಕಿದ್ದರು. ಆಗ ಥಿಯೇಟರ್‌ನಲ್ಲಿ ತರಬೇತಿಗಿದ್ದ ನಮ್ಮ ಸಂಬಂಧಿಯೊಬ್ಬಳು ಆಮೇಲೆ ಹೇಳಿದ್ದು ಹೀಗೆ: ಗಂಟಲಿಗೆ ಮಾಸ್ಕ್‌ನಂಥದ್ದೊಂದನ್ನು ಇಳಿಸಿ ಉಸಿರಾಟವನ್ನು ಅವರಿಗೇ ಬಿಟ್ಟಿದ್ದರಂತೆ. ಸ್ವಲ್ಪ ಹೊತ್ತಿಗೆ ಎದೆ ಒಳಕ್ಕೆ ಹೋಗಿ ಹೊಟ್ಟೆ ಮೇಲಕ್ಕೆ ಬರತೊಡಗಿತಂತೆ. ಡಾಕ್ಟರು ದವಡೆ ಎತ್ತಿ ಹಿಡಿದು, ಏನೋ ಔಷಧ ಕೊಟ್ಟ ಮೇಲೆ ಸರಿಹೋಯಿತಂತೆ. ಚಾರ್ಟ್‌ನಲ್ಲಿ ‘ಎಲ್‌ಎಂಎ, ಸ್ವಂತ ಉಸಿರಾಟ’ ಎಂದು ಬರೆದಿದೆ. ಈಗ ಪಿತ್ತಕೋಶದ ಕಲ್ಲಿಗೆ ಲ್ಯಾಪರೊಸ್ಕೋಪಿ ಆಗಬೇಕು. ಈ ಸಲ ಶ್ವಾಸನಾಳಕ್ಕೇ ಟ್ಯೂಬ್ ಹಾಕಿ ವೆಂಟಿಲೇಟರ್‌ನಲ್ಲಿ ಇಡುತ್ತೇವೆ ಎನ್ನುತ್ತಾರೆ. ಹಿಂದಿನ ಸಲ ಆದದ್ದು ನಿರ್ಲಕ್ಷ್ಯವೇ? ಟ್ಯೂಬ್ ಮಾಸ್ಕ್‌ಗಿಂತ ಸಣ್ಣದಂತೆ. ಸ್ಟ್ರಾದಲ್ಲಿ ಉಸಿರಾಡಿದಂತೆ ಆಗುವುದಿಲ್ಲವೇ? ವೆಂಟಿಲೇಟರ್ ಹಾಕಿದರೆ ಆಮೇಲೆ ತಾನಾಗಿ ಉಸಿರಾಡುವುದು ಕಷ್ಟವಾಗುತ್ತದೆ ಎನ್ನುತ್ತಾರಲ್ಲ? ಗಂಟಲಿಗೆ ನೋವು ಕಡಿಮೆಯಾಗುವ ಆ ಮಾಸ್ಕನ್ನೇ ಮತ್ತೆ ಹಾಕಬಾರದೇ? ಟ್ಯೂಬ್ ಇರುವಾಗಲೇ ಎಚ್ಚರವಾಗಿ ಉಸಿರುಕಟ್ಟಿದರೆ?

ಉತ್ತರ: ಪ್ರಶ್ನೆಗಳು ಐದಾದರೂ ಆತಂಕ ಒಂದೇ. ಪ್ರಜ್ಞೆ ಇಲ್ಲದ ಮನುಷ್ಯ ಉಸಿರಿಗಾಗಿ ಒದ್ದಾಡುವಾಗ ಅದನ್ನು ಯಾರಾದರೂ ಗಮನಿಸುತ್ತಿದ್ದರೇ, ಈ ಸಲ ಗಮನಿಸುತ್ತಾರೆಯೇ ಎಂಬುದು. ಅಲ್ಲಿಗೆ ಬರುವ ಮುಂಚೆ ನಿಮ್ಮ ಸಂಬಂಧಿ ಕಂಡದ್ದು ಏನು ಎಂದು ನೋಡೋಣ. ಆಕೆ ಹೇಳಿದ್ದು ಬಹಳ ನಿಖರವಾಗಿದೆ. ಎಷ್ಟೋ ಮಂದಿ ತರಬೇತಿಯಲ್ಲಿದ್ದೂ ಅದನ್ನು ಕಾಣುವುದಿಲ್ಲ.

ನೀವು ಈಗ ಒಂದು ಕೈಯನ್ನು ಎದೆಯ ಮೇಲೆ, ಇನ್ನೊಂದನ್ನು ಹೊಟ್ಟೆಯ ಮೇಲೆ ಇಟ್ಟು ಉಸಿರೆಳೆದು ನೋಡಿ. ಎರಡೂ ಕೈ ಒಟ್ಟಿಗೆ ಮೇಲೇಳುತ್ತವೆ. ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಎದ್ದು ಹಿಗ್ಗುತ್ತವೆ, ಗಾಳಿ ಒಳಗೆ ಬರುತ್ತದೆ. ಈಗ ಗಂಟಲಿನ ದಾರಿ ಮುಚ್ಚಿದೆ ಎಂದುಕೊಳ್ಳಿ. ವಪೆಗೆ ಅದು ಗೊತ್ತಾಗುವುದಿಲ್ಲ, ಅದು ಎಂದಿನಂತೆ ಕೆಳಕ್ಕೆ ಜಗ್ಗುತ್ತದೆ. ಗಾಳಿ ಬಾರದ ಕಾರಣ ಎದೆಯೊಳಗೆ ಹೀರುವ ಒತ್ತಡ ಏರುತ್ತದೆ, ಸಡಿಲಗೊಂಡ ಎದೆಗೂಡು ಒಳಕ್ಕೆ ಸೆಳೆದುಕೊಳ್ಳುತ್ತದೆ, ಕೆಳಕ್ಕೆ ತಳ್ಳಲ್ಪಟ್ಟ ಹೊಟ್ಟೆ ಉಬ್ಬುತ್ತದೆ. ಕತ್ತಿನ ಬುಡದಲ್ಲಿ, ಎದೆಮೂಳೆಯ ಮೇಲಿನ ಗುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತದೆ. ದೂರ ನಿಂತವರಿಗೆ ಇದು ಬಲವಾದ, ಆಳವಾದ ಉಸಿರಾಟದಂತೆಯೇ ಕಾಣುತ್ತದೆ. ಒಳಗೆ ಹೋಗುತ್ತಿರುವ ಗಾಳಿ ಮಾತ್ರ ಅತ್ಯಲ್ಪ, ಕೆಲವೊಮ್ಮೆ ಸೊನ್ನೆ.

ಹಾಗಾಗಿ ನಾವು ಎದೆಯನ್ನಷ್ಟೇ ನೋಡಿ ನಂಬುವುದಿಲ್ಲ. ಸ್ವಂತ ಉಸಿರಾಟದ ರೋಗಿಯ ಪಕ್ಕದಲ್ಲಿ ಕೂತಾಗ ನನ್ನ ಕಣ್ಣು ಯಂತ್ರಕ್ಕೆ ಜೋತ ರಬ್ಬರ್ ಚೀಲದ ಮೇಲಿರುತ್ತದೆ. ಉಸಿರೆಳೆದಾಗ ಅದು ಕುಗ್ಗಬೇಕು, ಬಿಟ್ಟಾಗ ತುಂಬಬೇಕು. ಅದರ ಮೇಲೆ ಅಂಗೈ ಇಟ್ಟರೆ ರೋಗಿ ಎಷ್ಟು ಗಾಳಿ ಎಳೆಯುತ್ತಿದ್ದಾರೆ ಎಂಬುದು ಬೆರಳಿಗೇ ತಿಳಿಯುತ್ತದೆ. ಇನ್ನೊಂದು, ಹೊರಬಿಡುವ ಉಸಿರಿನ ಕಾರ್ಬನ್ ಡೈ ಆಕ್ಸೈಡನ್ನು ಅಳೆದು ಪರದೆಯ ಮೇಲೆ ಅಲೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್. ದಾರಿ ತೆರೆದಿದ್ದರೆ ಅಲೆ ಎದ್ದು, ಮೇಲೆ ಚಪ್ಪಟೆಯಾಗಿ ಸಾಗಿ, ಥಟ್ಟನೆ ಇಳಿಯುತ್ತದೆ. ದಾರಿ ಕಿರಿದಾದರೆ ಅಲೆಯ ಏರು ಓರೆಯಾಗುತ್ತದೆ. ಮುಚ್ಚಿದರೆ ಗೆರೆ ನೆಲ ಕಚ್ಚುತ್ತದೆ, ಎದೆ ಎಷ್ಟೇ ಕುಣಿಯುತ್ತಿರಲಿ. ಬೆರಳಿಗೆ ಹಾಕಿದ ಆಕ್ಸಿಜನ್ ಮಾಪಕ ಈ ಸುದ್ದಿಯನ್ನು ಹೇಳುವುದು ತೀರಾ ತಡವಾಗಿ. ಆಕ್ಸಿಜನ್ ಕೊಟ್ಟು ಇಟ್ಟಿದ್ದ ರೋಗಿಯಲ್ಲಿ ನಿಮಿಷಗಳಷ್ಟು ತಡವಾಗಿ. ಸದ್ದೂ ಮೋಸ ಮಾಡುತ್ತದೆ. ಗೊರಕೆ ಕೇಳುತ್ತಿದೆ ಎಂದರೆ ಅಲ್ಪಸ್ವಲ್ಪವಾದರೂ ಗಾಳಿ ಓಡಾಡುತ್ತಿದೆ. ಪೂರ್ತಿ ಮುಚ್ಚಿದ ಗಂಟಲಿಗೆ ಸದ್ದೇ ಇಲ್ಲ.

ಗಂಟಲು ಮುಚ್ಚುವುದೇಕೆ? ‘ನಾಲಿಗೆ ಹಿಂದಕ್ಕೆ ಬಿತ್ತು’, ‘ನಾಲಿಗೆ ನುಂಗಿಕೊಂಡರು’ ಎಂಬ ಮಾತು ವೈದ್ಯರ ಬಾಯಲ್ಲೂ ಬರುತ್ತದೆ. ನಾಲಿಗೆಯ ಪಾತ್ರ ಇಲ್ಲ ಎಂದಲ್ಲ. ಆದರೆ ಅರಿವಳಿಕೆಯಲ್ಲಿರುವವರ ಗಂಟಲನ್ನು ಸ್ಕ್ಯಾನ್ ಮಾಡಿ ನೋಡಿದಾಗ ಹೆಚ್ಚಾಗಿ ಮೊದಲು ಮುಚ್ಚುವ ಜಾಗ ಅದಕ್ಕಿಂತ ಮೇಲೆ, ಕಿರುನಾಲಿಗೆ ನೇತಾಡುವ ಮೆದು ಅಂಗುಳ ಗಂಟಲಿನ ಹಿಂಗೋಡೆಗೆ ಅಂಟುವಲ್ಲಿ. ಎಷ್ಟೋ ಸಲ ಧ್ವನಿಪೆಟ್ಟಿಗೆಯ ಮುಚ್ಚಳವಾದ ಎಪಿಗ್ಲಾಟಿಸ್ ಕೂಡ ಹಿಂದಕ್ಕೆ ವಾಲಿರುತ್ತದೆ. ಗಂಟಲಿನ ಈ ಭಾಗಕ್ಕೆ ಮೂಳೆಯ ಆಸರೆ ಇಲ್ಲ, ಸ್ನಾಯುಗಳೇ ಅದನ್ನು ಅಗಲಿಸಿ ಹಿಡಿದಿರುತ್ತವೆ. ನಿದ್ದೆಯಲ್ಲಿ ಅವು ಸಡಿಲಾಗುತ್ತವೆ. ನಿಮ್ಮ ತಂದೆಯ ಗೊರಕೆ ಅದೇ. ಅರಿವಳಿಕೆ ಔಷಧಗಳು ಅವನ್ನು ಇನ್ನಷ್ಟು ಸಡಿಲಿಸುತ್ತವೆ. ವಪೆ ಅಷ್ಟು ಬೇಗ ಸೋಲುವುದಿಲ್ಲ. ಎಳೆಯುವ ಸ್ನಾಯು ಗಟ್ಟಿಯಾಗಿದ್ದು ದಾರಿ ಹಿಡಿಯುವ ಸ್ನಾಯು ಸೋತರೆ ಎಳೆದಷ್ಟೂ ದಾರಿ ಇನ್ನೂ ಮುಚ್ಚಿಕೊಳ್ಳುತ್ತದೆ. ದವಡೆಯ ಮೂಲೆಯ ಹಿಂದೆ ಬೆರಳಿಟ್ಟು ಮುಂದಕ್ಕೆ ಎತ್ತಿದರೆ ನಾಲಿಗೆ, ಎಪಿಗ್ಲಾಟಿಸ್, ಬಹುಪಾಲು ಮೆದು ಅಂಗುಳವೂ ಅದರ ಜೊತೆಗೆ ಮುಂದೆ ಬರುತ್ತವೆ. ಡಾಕ್ಟರು ಮಾಡಿದ್ದು ಅದನ್ನೇ.

ಗಂಟಲಿನಲ್ಲಿ ಮಾಸ್ಕ್ ಇದ್ದ ಮೇಲೂ ದಾರಿ ಮುಚ್ಚಿದ್ದು ಹೇಗೆ ಎಂದು ನೀವು ಕೇಳಬಹುದು. ಎಲ್‌ಎಂಎ (ಲ್ಯಾರಿಂಜಿಯಲ್ ಮಾಸ್ಕ್ ಏರ್‌ವೇ) ಎಂಬ ಈ ಸಾಧನವನ್ನು ಲಂಡನ್‌ನಲ್ಲಿ ಆರ್ಚೀ ಬ್ರೈನ್ ಎಂಬ ಅರಿವಳಿಕೆ ತಜ್ಞರು ರೂಪಿಸಿ 1981ರಲ್ಲಿ ಮೊದಲು ಬಳಸಿದರು. 1988ರಲ್ಲಿ ಬ್ರಿಟನ್‌ನ ಮಾರುಕಟ್ಟೆಗೆ ಬಂತು. ಅದಕ್ಕೆ ಮುಂಚೆ ನಮಗಿದ್ದದ್ದು ಮುಖ್ಯವಾಗಿ ಎರಡೇ ದಾರಿ: ಇಡೀ ಆಪರೇಷನ್ ಮುಗಿಯುವವರೆಗೆ ಮುಖದ ಮೇಲೆ ಮಾಸ್ಕ್ ಒತ್ತಿ ದವಡೆ ಎತ್ತಿ ಹಿಡಿದು ಕೂರುವುದು, ಇಲ್ಲವೇ ಶ್ವಾಸನಾಳದೊಳಗೆ ಟ್ಯೂಬ್. ಎಲ್‌ಎಂಎ ಇವೆರಡರ ನಡುವಿನದು. ಮೆದು ಅಂಗುಳ, ನಾಲಿಗೆ ಎರಡನ್ನೂ ದಾಟಿ, ಧ್ವನಿಪೆಟ್ಟಿಗೆಯ ಬಾಯಿಗೆ ಎದುರಾಗಿ ಕೂರುತ್ತದೆ. ಅದರ ಅಂಚು ಸುತ್ತಲಿನ ಗಂಟಲಿಗೆ ಒತ್ತಿಕೊಂಡು ಗಾಳಿ ಸೋರದಂತೆ ತಡೆಯುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು. ಅದು ಧ್ವನಿತಂತುಗಳಿಗಿಂತ ಮೇಲೆಯೇ ನಿಲ್ಲುವುದರಿಂದ, ತಂತುಗಳೇ ಬಿಗಿದು ಮುಚ್ಚಿಕೊಂಡರೆ ಅದೇನೂ ಮಾಡಲಾರದು. ಅರಿವಳಿಕೆಯ ಆಳ ಸ್ವಲ್ಪ ಕಡಿಮೆಯಿದ್ದಾಗ ಚರ್ಮಕ್ಕೆ ಬ್ಲೇಡ್ ತಾಗಿದರೆ ಹಾಗಾಗುತ್ತದೆ. ಸಾಧನ ಸರಿಯಾಗಿ ಕೂರದೆ ಎಪಿಗ್ಲಾಟಿಸ್ ಮಡಚಿ ಬಾಯಿಗೆ ಅಡ್ಡ ಬಂದರೂ ಆಗುತ್ತದೆ, ರೋಗಿ ಹಲ್ಲು ಕಚ್ಚಿ ಕೊಳವೆಯನ್ನು ಅದುಮಿದರೂ ಆಗುತ್ತದೆ. ದವಡೆ ಎತ್ತಿ, ಔಷಧ ಕೊಟ್ಟು ಅರಿವಳಿಕೆಯನ್ನು ಆಳಗೊಳಿಸಿದ ಮೇಲೆ ಸರಿಹೋಯಿತು ಎಂದರೆ ಮೊದಲೆರಡರಲ್ಲಿ ಒಂದಿರಬೇಕು.

ಇದು ನಿರ್ಲಕ್ಷ್ಯವೇ? ಆ ಚಾರ್ಟನ್ನು ನಾನು ನೋಡಿಲ್ಲ. ನೀವು ಬರೆದಷ್ಟರಿಂದ ಹೇಳುವುದಾದರೆ, ಅಲ್ಲ. ತೊಂದರೆ ಕಾಣಿಸಿತು, ಗುರುತಿಸಿದರು, ಸರಿಪಡಿಸಿದರು. ಗಮನಿಸದೆ ಬಿಟ್ಟಿದ್ದರೆ ನಿರ್ಲಕ್ಷ್ಯ ಎನ್ನಬಹುದಿತ್ತು. ಎಲ್‌ಎಂಎ ಹಾಕಿ ಸ್ವಂತ ಉಸಿರಾಟ ಬಿಡುವುದು ಜಗತ್ತಿನಾದ್ಯಂತ ಒಪ್ಪಿತವಾದ ವಿಧಾನ, ಅದಕ್ಕೆ ಅದರದೇ ಲಾಭಗಳಿವೆ. ಸ್ನಾಯು ಸಡಿಲಿಸುವ ಔಷಧ ಬೇಕಾಗುವುದಿಲ್ಲ. ಉಸಿರಿನ ವೇಗವೇ ಅರಿವಳಿಕೆ ಸಾಕೋ ಸಾಲದೋ ಎಂದು ಹೇಳುತ್ತಿರುತ್ತದೆ. ಯಂತ್ರದ ಕೊಂಡಿ ಎಲ್ಲೋ ಕಳಚಿದರೂ ರೋಗಿ ಉಸಿರಾಡುತ್ತಲೇ ಇರುತ್ತಾರೆ. ಆದರೆ 92 ಕೆ.ಜಿ. ತೂಕದ, ಜೋರು ಗೊರಕೆಯ ರೋಗಿಯನ್ನು ನಾನಾಗಿದ್ದರೆ ಪೂರ್ತಿ ಅವರ ಪಾಡಿಗೆ ಬಿಡುತ್ತಿರಲಿಲ್ಲ; ಪ್ರತಿ ಉಸಿರಿಗೂ ಯಂತ್ರದಿಂದ ಸ್ವಲ್ಪ ನೂಕು ಕೊಡಿಸುತ್ತಿದ್ದೆ. ಇದನ್ನು ಪ್ರೆಷರ್ ಸಪೋರ್ಟ್ ಎನ್ನುತ್ತೇವೆ: ಉಸಿರು ಯಾವಾಗ ಎಳೆಯಬೇಕೆಂಬುದು ರೋಗಿಯದೇ ತೀರ್ಮಾನ, ಎಳೆದಾಗ ಯಂತ್ರ ಕೈಜೋಡಿಸುತ್ತದೆ. ಇದು ನನ್ನ ಒಲವು ಅಷ್ಟೇ. ಬೇರೆ ತಜ್ಞರು ಬೇರೆ ರೀತಿ ಮಾಡಿದರೆ ತಪ್ಪೆನ್ನಲು ಬರುವುದಿಲ್ಲ.

ಈ ಒಲವಿಗೆ ಕಾರಣವಿದೆ. ದಾರಿ ಪೂರ್ತಿ ತೆರೆದಿದ್ದರೂ ಅರಿವಳಿಕೆಯಲ್ಲಿ ಉಸಿರಾಡುವುದು ಎಚ್ಚರದಲ್ಲಿದ್ದಾಗಿಗಿಂತ ಹೆಚ್ಚು ದುಡಿತದ ಕೆಲಸ. ಮಲಗಿಸಿ ಅರಿವಳಿಕೆ ಕೊಟ್ಟ ಕೂಡಲೇ, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ಪ್ರಮಾಣ ನೂರಕ್ಕೆ 15ರಿಂದ 20ರಷ್ಟು ಇಳಿಯುತ್ತದೆ. ಶ್ವಾಸಕೋಶದ ಬೆನ್ನಿನ ಕಡೆಯ, ವಪೆಗೆ ತಾಗಿದ ಭಾಗಗಳು ಕುಸಿದು ಮುದುಡುತ್ತವೆ. ಹತ್ತರಲ್ಲಿ ಒಂಬತ್ತು ಜನರಲ್ಲಿ ಸ್ವಲ್ಪವಾದರೂ ಹೀಗಾಗುತ್ತದೆ, ದೊಡ್ಡ ಹೊಟ್ಟೆಯವರಲ್ಲಿ ಜಾಸ್ತಿ. ಮುದುಡಿದ ಶ್ವಾಸಕೋಶ ಬಿರುಸು, ಹಿಗ್ಗಿಸಲು ಹೆಚ್ಚು ಬಲ ಬೇಕು. ಎಚ್ಚರದಲ್ಲಿ ಆರಾಮವಾಗಿ ಉಸಿರಾಡಲು ದೇಹ ಬಳಸುವ ಆಕ್ಸಿಜನ್ ಒಟ್ಟು ಖರ್ಚಿನ ನೂರರಲ್ಲಿ ಐದು ಪಾಲಿಗಿಂತ ಕಡಿಮೆ, ಆದ್ದರಿಂದಲೇ ಅದು ನಮ್ಮ ಗಮನಕ್ಕೇ ಬರುವುದಿಲ್ಲ. ದಾರಿ ಕಿರಿದಾಗಿ ಶ್ವಾಸಕೋಶ ಬಿರುಸಾದರೆ ಈ ಖರ್ಚು ಹಲವು ಪಟ್ಟು ಏರುತ್ತದೆ.

ಎಚ್ಚರವಿದ್ದವರು ಇಂಥ ಅಡ್ಡಿ ಎದುರಾದರೆ ತಕ್ಷಣ ಹೆಚ್ಚು ಬಲ ಹಾಕುತ್ತಾರೆ, ಎದ್ದು ಕೂರುತ್ತಾರೆ, ಬಾಯಿ ತೆರೆಯುತ್ತಾರೆ. ಅರಿವಳಿಕೆ ಈ ಪ್ರತಿಕ್ರಿಯೆಯನ್ನು ಮಂದಗೊಳಿಸುತ್ತದೆ. ಅನಿಲರೂಪದ ಔಷಧಗಳಲ್ಲಿ ಉಸಿರು ಚಿಕ್ಕದಾಗಿ ವೇಗವಾಗುತ್ತದೆ. ನೋವು ತಡೆಯುವ ಮಾರ್ಫಿನ್ ಜಾತಿಯ ಔಷಧಗಳಲ್ಲಿ ನಿಧಾನವಾಗುತ್ತದೆ. ರಕ್ತದಲ್ಲಿ ಕಾರ್ಬನ್ ಡೈ ಆಕ್ಸೈಡ್ ಏರಿದರೂ ಮಿದುಳು ಮೊದಲಿನಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಎಚ್ಚರದಲ್ಲಿ 35ರಿಂದ 45 ಮಿ.ಮೀ. ಪಾದರಸದಷ್ಟು ಇರುವ ಅದರ ಮಟ್ಟ, ಸ್ವಂತವಾಗಿ ಉಸಿರಾಡುವ ಅರಿವಳಿಕೆಯ ರೋಗಿಯಲ್ಲಿ 50 ದಾಟುವುದು ಅಪರೂಪವಲ್ಲ. ಆರೋಗ್ಯವಂತರಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆಯ ಆಪರೇಷನ್‌ಗೆ ಇದರಿಂದ ಹಾನಿಯಿಲ್ಲ. ಹೃದ್ರೋಗವೋ ತಲೆಯೊಳಗೆ ಒತ್ತಡವೋ ಇದ್ದವರಿಗೆ ಈ ಲೆಕ್ಕ ಬೇರೆ.

ಈಗ ನಿಮ್ಮ ಸ್ಟ್ರಾ. ಹೋಲಿಕೆ ಚೆನ್ನಾಗಿದೆ, ಅರ್ಧ ಸರಿಯೂ ಹೌದು. ಗಂಡಸರಿಗೆ ಸಾಮಾನ್ಯವಾಗಿ ಒಳವ್ಯಾಸ 8 ಮಿ.ಮೀ. ಆಸುಪಾಸಿನ ಟ್ಯೂಬ್ ಹಾಕುತ್ತೇವೆ, ಹೆಂಗಸರಿಗೆ 7ರ ಆಸುಪಾಸು. ದೊಡ್ಡವರ ಎಲ್‌ಎಂಎ ಕೊಳವೆ ಅದಕ್ಕಿಂತ ಅಗಲ, ಸುಮಾರು 10 ಮಿ.ಮೀ. ಗಾಳಿ ಶಾಂತವಾಗಿ ಹರಿಯುವಾಗ ಕೊಳವೆಯ ತಡೆ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮ. ಹಾಗಾಗಿ 8 ಮಿ.ಮೀ. ಬದಲು 7 ಹಾಕಿದರೆ ತಡೆ ಸುಮಾರು 70 ಪ್ರತಿಶತ ಏರುತ್ತದೆ, 6 ಹಾಕಿದರೆ ಮೂರು ಪಟ್ಟು ದಾಟುತ್ತದೆ. ರೋಗಿ ರಭಸವಾಗಿ ಎಳೆದರೆ ಗಾಳಿ ಸುಳಿಸುಳಿಯಾಗಿ ಹರಿದು ತಡೆ ಮತ್ತೂ ಹೆಚ್ಚು. ಒಳಗೆ ಕಫ ಮೆತ್ತಿದರೆ, ಕೊಳವೆ ಬಾಗಿದರೆ, ನಡುವಿನ ಫಿಲ್ಟರ್ ತೇವಗೊಂಡರೆ ಅದೆಲ್ಲ ಅದಕ್ಕೆ ಕೂಡುತ್ತದೆ. ಶಿಶುಗಳಿಗೆ ಹಾಕುವ 3.5 ಮಿ.ಮೀ. ಟ್ಯೂಬ್‌ನಲ್ಲಿ ಇದು ಎಷ್ಟು ಭಾರವೆಂದರೆ, ಅವರನ್ನು ಟ್ಯೂಬ್ ಮೂಲಕ ತಾವೇ ಉಸಿರಾಡಲು ಹೆಚ್ಚು ಹೊತ್ತು ಬಿಡುವುದಿಲ್ಲ.

ಆದರೆ ಸ್ಟ್ರಾ ಕಷ್ಟವಾಗುವುದು ಹೀರುವವರಿಗೆ. ನಿಮ್ಮ ತಂದೆ ಈ ಸಲ ಹೀರುವುದೇ ಇಲ್ಲ. ಸ್ನಾಯುಗಳನ್ನು ಸಡಿಲಿಸಿರುತ್ತಾರೆ, ಯಂತ್ರ ಹೊರಗಿನಿಂದ ಗಾಳಿಯನ್ನು ನೂಕುತ್ತದೆ, ಕೊಳವೆಯ ತಡೆಯನ್ನು ಭರಿಸುವುದು ಯಂತ್ರ. ಅವರ ವಪೆಯ ಮೇಲೆ ಹೊರೆಯಿಲ್ಲ. ಟ್ಯೂಬ್‌ಗೆ ಇನ್ನೊಂದು ಅನುಕೂಲವೂ ಇದೆ. ಮೂಗು, ಬಾಯಿ, ಗಂಟಲುಗಳಲ್ಲಿ ಸುಮ್ಮನೆ ಹೋಗಿಬಂದು ವ್ಯರ್ಥವಾಗುವ ಗಾಳಿಯನ್ನು ಅದು ಉಳಿಸುತ್ತದೆ. ಈ ವ್ಯರ್ಥ ಜಾಗ ದೊಡ್ಡವರಲ್ಲಿ ಒಟ್ಟು ಸುಮಾರು 150 ಮಿ.ಲೀ., ಅದರ ಅರ್ಧದಷ್ಟು ಧ್ವನಿಪೆಟ್ಟಿಗೆಯಿಂದ ಮೇಲಿನದು. ಕೊಳವೆಯ ಅಗಲವನ್ನಷ್ಟೇ ಅಳೆದು ಟ್ಯೂಬ್‌ಗಿಂತ ಎಲ್‌ಎಂಎ ಮೇಲು ಎನ್ನುವವರು ಇದನ್ನು ಮರೆಯುತ್ತಾರೆ. ಸ್ಟ್ರಾದ ಕಷ್ಟ ನಿಜವಾಗಿ ಬರುವುದು ಕೊನೆಯ ಕೆಲವು ನಿಮಿಷ, ಔಷಧ ಇಳಿದು ಅವರೇ ಉಸಿರಾಡತೊಡಗಿ ಟ್ಯೂಬ್ ಇನ್ನೂ ಒಳಗಿರುವಾಗ. ಆಗಲೂ ಯಂತ್ರದಿಂದ 5ರಿಂದ 8 ಸೆಂ.ಮೀ. ನೀರಿನಷ್ಟು ಒತ್ತಡದ ನೂಕು ಕೊಟ್ಟರೆ ಕೊಳವೆಯ ಹೊರೆ ಬಹುಮಟ್ಟಿಗೆ ಇಳಿಯುತ್ತದೆ.

ವೆಂಟಿಲೇಟರ್ ಎಂಬ ಹೆಸರಿಗೆ ಕೋವಿಡ್ ಕಾಲದಲ್ಲಿ ಅಂಟಿಕೊಂಡ ಭಯ ಇನ್ನೂ ಹೋಗಿಲ್ಲ. ತೀವ್ರ ನಿಗಾ ಘಟಕದಲ್ಲಿ ಅದನ್ನು ಹಾಕುವುದು ಶ್ವಾಸಕೋಶವೇ ಕೆಟ್ಟಾಗ, ಹಾಗಾಗಿ ತೆಗೆಯುವುದೂ ಕಷ್ಟ. ಥಿಯೇಟರ್‌ನಲ್ಲಿ ಹಾಕುವುದು ಶ್ವಾಸಕೋಶ ಚೆನ್ನಾಗಿದ್ದೂ ಉಸಿರಾಟದ ಸ್ನಾಯುಗಳನ್ನು ನಾವೇ ತಾತ್ಕಾಲಿಕವಾಗಿ ನಿಲ್ಲಿಸಿರುವುದರಿಂದ. ವಪೆ ಕೆಲಸವಿಲ್ಲದೆ ಸೊರಗುತ್ತದೆ ಎಂಬುದು ನಿಜ, ಆದರೆ ಅದು ದಿನಗಟ್ಟಲೆ ಯಂತ್ರದ ಮೇಲಿದ್ದವರ ಸಮಸ್ಯೆ. ಒಂದೆರಡು ಗಂಟೆಯ ಆಪರೇಷನ್‌ನಲ್ಲಿ ಅದು ಉಸಿರಾಟ ಮರೆಯುವುದಿಲ್ಲ.

ಇನ್ನು, ಮಾಸ್ಕನ್ನೇ ಮತ್ತೆ ಹಾಕಬಾರದೇ ಎಂಬ ಪ್ರಶ್ನೆ. ಮುಂಗೈ ಆಪರೇಷನ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ನೋಡಿ. ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಗೆ ಕಾರ್ಬನ್ ಡೈ ಆಕ್ಸೈಡ್ ತುಂಬಿ 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ ಉಬ್ಬಿಸಿಡುತ್ತಾರೆ. ಅದು ವಪೆಯನ್ನು ಎದೆಯೊಳಕ್ಕೆ ತಳ್ಳುತ್ತದೆ. ಜೊತೆಗೆ ಆ ಅನಿಲದ ಒಂದು ಪಾಲು ರಕ್ತಕ್ಕೆ ಸೇರುತ್ತದೆ, ಅದನ್ನು ಹೊರಹಾಕಲು ಮಾಮೂಲಿಗಿಂತ ಹೆಚ್ಚು ಉಸಿರಾಟ ಬೇಕು. ಅಂದರೆ ಉಸಿರಾಟದ ಬೇಡಿಕೆ ಏರುವ ಹೊತ್ತಿಗೇ ಉಸಿರಾಡುವ ಸಾಮರ್ಥ್ಯ ಕುಗ್ಗುತ್ತದೆ. ಸ್ವಂತ ಉಸಿರಾಟ ಇಲ್ಲಿ ಲೆಕ್ಕಕ್ಕೇ ಇಲ್ಲ, ಯಂತ್ರ ಬೇಕೇ ಬೇಕು, ಅದೂ ಜೋರಾಗಿ ನೂಕಬೇಕು. ಮೊದಲ ತಲೆಮಾರಿನ ಎಲ್‌ಎಂಎ ಸುಮಾರು 20 ಸೆಂ.ಮೀ. ನೀರಿನ ಒತ್ತಡ ದಾಟಿದರೆ ಅಂಚಿನಲ್ಲಿ ಸೋರತೊಡಗುತ್ತದೆ. ಸೋರಿದ ಗಾಳಿ ಜಠರಕ್ಕೂ ಹೋಗುತ್ತದೆ, ಜಠರದಲ್ಲಿದ್ದದ್ದು ಮೇಲೆ ಬಂದರೆ ಶ್ವಾಸನಾಳಕ್ಕೆ ಇಳಿಯುವುದನ್ನು ತಡೆಯಲು ಅಲ್ಲಿ ಏನೂ ಇಲ್ಲ. ಆಮೇಲೆ ಬಂದ ಪ್ರೋಸೀಲ್, ಐ-ಜೆಲ್ ಮೊದಲಾದವು ಇನ್ನೂ ಹೆಚ್ಚಿನ ಒತ್ತಡ ತಾಳುತ್ತವೆ, ಜಠರದ ದ್ರವ ಹೊರಬರಲು ಬೇರೆಯೇ ಕೊಳವೆಯೂ ಅವುಗಳಲ್ಲಿದೆ. ತೆಳ್ಳಗಿನ, ಸರಿಯಾಗಿ ಉಪವಾಸವಿರುವ ರೋಗಿಗಳಲ್ಲಿ ಅವನ್ನೇ ಹಾಕಿ ಪಿತ್ತಕೋಶದ ಲ್ಯಾಪರೊಸ್ಕೋಪಿ ಮಾಡುವ ತಜ್ಞರಿದ್ದಾರೆ, ಫಲಿತಾಂಶವೂ ಚೆನ್ನಾಗಿದೆ. ನಿಮ್ಮ ತಂದೆಯ ತೂಕಕ್ಕೆ, ಗೊರಕೆಗೆ, ಹಿಂದೊಮ್ಮೆ ಆದ ತೊಂದರೆಗೆ ನಾನು ಆ ದಾರಿ ಹಿಡಿಯುವುದಿಲ್ಲ. ಬ್ರಿಟನ್‌ನಲ್ಲಿ ಶ್ವಾಸಮಾರ್ಗದ ಗಂಭೀರ ತೊಡಕುಗಳನ್ನು ದೇಶದಾದ್ಯಂತ ದಾಖಲಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅರಿವಳಿಕೆಗೆ ಸಂಬಂಧಿಸಿದ ಸಾವುಗಳಿಗೆ ಅತಿ ಸಾಮಾನ್ಯ ಕಾರಣವಾಗಿ ಕಂಡದ್ದು ಜಠರದಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದದ್ದು. ಒಟ್ಟು ಅಪಾಯ ಚಿಕ್ಕದು ಎಂಬುದನ್ನೂ ಹೇಳಬೇಕು: ಗಂಭೀರ ತೊಡಕು ಸುಮಾರು 22,000 ಅರಿವಳಿಕೆಗೆ ಒಂದು.

ಬೆನ್ನಿಗೆ ಚುಚ್ಚುವ ಅರಿವಳಿಕೆಯಲ್ಲಿ ಮಾಡಿಸಬಹುದೇ ಎಂದೂ ಕೆಲವರು ಕೇಳುತ್ತಾರೆ. ಸಾಧ್ಯ, ಮಾಡಿದವರಿದ್ದಾರೆ. ಆದರೆ ಹೊಟ್ಟೆ ಉಬ್ಬಿಸಿದಾಗ ಭುಜಕ್ಕೆ ಬರುವ ನೋವು ಕಾಡುತ್ತದೆ, ಅದಕ್ಕೆ ಮಂಪರಿನ ಔಷಧ ಕೊಡಬೇಕಾಗುತ್ತದೆ. ಆಗ ಗೊರಕೆಯ ಗಂಟಲು, ಯಾವ ಸಾಧನವೂ ಇಲ್ಲದೆ, ಮತ್ತೆ ಮೊದಲಿನ ಸ್ಥಿತಿಗೇ ಬರುತ್ತದೆ. ಟ್ಯೂಬ್ ಇಲ್ಲದ್ದೇ ಸುರಕ್ಷಿತ ಎಂಬ ನಂಬಿಕೆ ಇಂಥವರ ವಿಷಯದಲ್ಲಿ ಹೆಚ್ಚಾಗಿ ತಿರುಗುಮುರುಗು.

ಟ್ಯೂಬ್‌ಗೂ ಅದರ ಅಪಾಯಗಳಿವೆ. ಕತ್ತು ದಪ್ಪವಿದ್ದವರಲ್ಲಿ ಧ್ವನಿತಂತುಗಳನ್ನು ಕಂಡು ಟ್ಯೂಬ್ ದಾಟಿಸುವುದು ಕಷ್ಟವಾಗಬಹುದು. ತುದಿಯಲ್ಲಿ ಕ್ಯಾಮೆರಾ ಇರುವ ವಿಡಿಯೋ ಲ್ಯಾರಿಂಗೋಸ್ಕೋಪ್ ಈ ಕಷ್ಟವನ್ನು ಬಹಳ ಇಳಿಸಿದೆ. ದಪ್ಪಗಿನವರಲ್ಲಿ ಉಸಿರು ನಿಂತ ಮೇಲೆ ಆಕ್ಸಿಜನ್ ಬೇಗ ಇಳಿಯುವುದರಿಂದ, ನಿದ್ದೆ ಬರಿಸುವ ಮೊದಲು ಮೂರು ನಿಮಿಷವಾದರೂ ಮುಖಕ್ಕೆ ಮಾಸ್ಕ್ ಹಿಡಿದು ಆಕ್ಸಿಜನ್ ಉಸಿರಾಡಿಸುತ್ತೇವೆ. ನಿಮ್ಮ ತಂದೆಗೆ ಇದನ್ನು ಮುಂಚೆಯೇ ಹೇಳಿಡಿ. ಅನೇಕರು ಉಸಿರುಕಟ್ಟುತ್ತದೆಂದು ಆ ಮಾಸ್ಕನ್ನು ತಳ್ಳಿಬಿಡುತ್ತಾರೆ, ಆ ಮೂರು ನಿಮಿಷ ಆಮೇಲೆ ನಮಗೆ ಬಹಳ ದೊಡ್ಡ ಬಂಡವಾಳ. ಟ್ಯೂಬ್ ಶ್ವಾಸನಾಳಕ್ಕೇ ಹೋಗಿದೆ, ಅನ್ನನಾಳಕ್ಕಲ್ಲ ಎಂಬುದನ್ನು ಖಚಿತಪಡಿಸುವುದು ಮತ್ತೆ ಅದೇ ಕಾರ್ಬನ್ ಡೈ ಆಕ್ಸೈಡ್ ಅಲೆ.

ಈ ಇಡೀ ಪ್ರಯಾಣದಲ್ಲಿ ನನಗೆ ಹೆಚ್ಚು ಚಿಂತೆಯ ಘಟ್ಟ ಟ್ಯೂಬ್ ಹಾಕುವುದಲ್ಲ, ತೆಗೆಯುವುದು. ಸ್ನಾಯು ಸಡಿಲಿಸುವ ಔಷಧ ಸ್ವಲ್ಪ ಉಳಿದಿದ್ದರೆ ಮೊದಲು ಸೋಲುವುದು ಗಂಟಲಿನ ಸ್ನಾಯುಗಳು. ವಪೆ ಆ ಹೊತ್ತಿಗೆ ಬಲ ಮರಳಿ ಪಡೆದಿರುತ್ತದೆ. ಎದೆ ಚೆನ್ನಾಗಿ ಏರಿಳಿಯುತ್ತಿದೆ ಎಂದು ಟ್ಯೂಬ್ ತೆಗೆದರೆ, ತೆಗೆದ ಮರುಕ್ಷಣ ಗಂಟಲು ಮುಚ್ಚಿ, ಅಂದು ನಿಮ್ಮ ಸಂಬಂಧಿ ಕಂಡ ದೃಶ್ಯವೇ ಮತ್ತೆ ಆದೀತು. ಆದ್ದರಿಂದ ಮುಂಗೈ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಹೆಬ್ಬೆರಳು ಎಷ್ಟು ಬಲವಾಗಿ ಮಿಡಿಯುತ್ತದೆ ಎಂದು ಅಳೆಯುವ ಮಾನಿಟರ್ ಇದೆ. ಸತತ ನಾಲ್ಕು ಮಿಡಿತಗಳಲ್ಲಿ ಕೊನೆಯದು ಮೊದಲನೆಯದರ 0.9ರಷ್ಟಾದರೂ ಬಂದ ಮೇಲೆ ಮಾತ್ರ ಟ್ಯೂಬ್ ತೆಗೆಯುವುದು ಸರಿಯಾದ ಕ್ರಮ. ಅಷ್ಟಾಗದಿದ್ದರೆ ನಿಯೋಸ್ಟಿಗ್ಮಿನ್ ಅಥವಾ ಸುಗಮಡೆಕ್ಸ್ ಕೊಟ್ಟು ಔಷಧದ ಪರಿಣಾಮ ಇಳಿಸುತ್ತಾರೆ. ನಿಮ್ಮ ಅರಿವಳಿಕೆ ತಜ್ಞರನ್ನು ಕೇಳಲು ಒಂದೇ ಪ್ರಶ್ನೆಗೆ ಅವಕಾಶವಿದ್ದರೆ ಇದನ್ನು ಕೇಳಿ: ಟ್ಯೂಬ್ ತೆಗೆಯುವ ಮುಂಚೆ ಸ್ನಾಯುಬಲವನ್ನು ಮಾನಿಟರ್‌ನಲ್ಲಿ ಅಳೆಯುತ್ತೀರಾ? ಒಳ್ಳೆಯ ತಜ್ಞರು ಇದಕ್ಕೆ ಬೇಸರಿಸುವುದಿಲ್ಲ.

ಎಚ್ಚರವಾಗುವ ಹೊತ್ತಿನಲ್ಲಿ ರೋಗಿ ಟ್ಯೂಬನ್ನೋ ಎಲ್‌ಎಂಎಯನ್ನೋ ಹಲ್ಲಲ್ಲಿ ಕಚ್ಚಿಹಿಡಿದು ಅದೇ ಹೊತ್ತಿಗೆ ಬಲವಾಗಿ ಉಸಿರೆಳೆಯುವುದೂ ಉಂಟು. ಮುಚ್ಚಿದ ದಾರಿಯ ವಿರುದ್ಧ ಹಾಕಿದ ಆ ಬಲ ರಕ್ತನಾಳಗಳಿಂದ ದ್ರವವನ್ನು ಶ್ವಾಸಕೋಶದೊಳಕ್ಕೆ ಸೆಳೆದು, ಗುಲಾಬಿ ನೊರೆ ಬರುವಷ್ಟು ಮಾಡಬಲ್ಲದು. ವಯಸ್ಸಾದವರಿಗಿಂತ ಕಟ್ಟುಮಸ್ತಾದ ಯುವಕರಲ್ಲೇ ಇದು ಹೆಚ್ಚು, ಏಕೆಂದರೆ ಅವರ ಎಳೆತದ ಬಲ ದೊಡ್ಡದು. ಅಪರೂಪ, ಸಕಾಲದಲ್ಲಿ ಗುರುತಿಸಿದರೆ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಗುಣವಾಗುತ್ತದೆ. ಹಲ್ಲುಗಳ ನಡುವೆ ಸುತ್ತಿದ ಬಟ್ಟೆಯ ಸುರುಳಿ ಇಡುವುದು ಇದನ್ನು ತಡೆಯಲು.

ಎಚ್ಚರವಾಗುವ ಭಯದ ಬಗ್ಗೆ ಎರಡು ಬೇರೆ ಬೇರೆ ಮಾತುಗಳಿವೆ. ಆಪರೇಷನ್ ನಡೆಯುವಾಗಲೇ ಪ್ರಜ್ಞೆ ಬರುವುದು ಒಂದು. ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ರೋಗಿಗಳೇ ಹೇಳಿಕೊಂಡ ಪ್ರಕರಣಗಳನ್ನು ಕಲೆಹಾಕಿದ 2014ರ ವರದಿಯ ಪ್ರಕಾರ ಇದು ಸುಮಾರು 19,000 ಅರಿವಳಿಕೆಗೆ ಒಂದು. ಸ್ನಾಯು ಸಡಿಲಿಸುವ ಔಷಧ ಬಳಸಿದಾಗ ಸುಮಾರು 8,000ಕ್ಕೆ ಒಂದು, ಬಳಸದಾಗ 1,36,000ಕ್ಕೆ ಒಂದು. ಸ್ವಂತ ಉಸಿರಾಟದ ವಿಧಾನದ ಪರವಾಗಿ ಇರುವ ಗಟ್ಟಿ ಅಂಕಿ ಇದು, ಅದನ್ನು ಮುಚ್ಚಿಡಬೇಕಿಲ್ಲ. ಇನ್ನೊಂದು, ಎಲ್ಲ ಮುಗಿದು ಟ್ಯೂಬ್ ತೆಗೆಯುವಾಗ ಎಚ್ಚರವಿರುವುದು. ಗೊರಕೆಯವರಲ್ಲಿ ಅದು ನಾವು ಬೇಕೆಂದೇ ಮಾಡುವುದು. ಕಣ್ಣು ಬಿಡಿ, ಕೈ ಹಿಡಿಯಿರಿ ಎಂದಾಗ ಮಾಡುವಷ್ಟು ಎಚ್ಚರ ಬಂದ ಮೇಲೆಯೇ ಟ್ಯೂಬ್ ಹೊರಗೆ. ಬಹಳ ಮಂದಿಗೆ ಆಮೇಲೆ ಅದರ ನೆನಪಿರುವುದಿಲ್ಲ. ಕೆಲವರಿಗೆ ಗಂಟಲಲ್ಲಿ ಏನೋ ಇತ್ತು, ಕೆಮ್ಮು ಬಂತು ಎಂಬಷ್ಟು ಉಳಿಯುತ್ತದೆ. ಹಾಗಾಗಬಹುದೆಂದು ಮೊದಲೇ ತಿಳಿದವರು ಗಾಬರಿಯಾಗುವುದು ಕಡಿಮೆ, ಆದ್ದರಿಂದ ತಂದೆಯವರಿಗೆ ಇದನ್ನೂ ಹೇಳಿ.

ಆಪರೇಷನ್‌ಗೆ ಮುಂಚೆ ನೀವು ಮಾಡಬೇಕಾದ ಮುಖ್ಯ ಕೆಲಸ ಆ ಹಳೆಯ ಚಾರ್ಟನ್ನು ಹೊಸ ತಜ್ಞರ ಕೈಗೆ ಕೊಡುವುದು, ಸಂಬಂಧಿ ಹೇಳಿದ್ದನ್ನೂ ಹೇಳುವುದು. ಹಳೆಯದನ್ನು ಕೆದಕಿದಂತಾಗುತ್ತದೆ ಎಂದು ಸುಮ್ಮನಾಗಬೇಡಿ, ಯಾವ ಅಳತೆಯ ಸಾಧನ ಹೊಂದಿತು, ಎಲ್ಲಿ ತೊಂದರೆಯಾಯಿತು ಎಂಬುದು ನಮಗೆ ಚಿನ್ನದಂಥ ಮಾಹಿತಿ. ಗೊರಕೆಯ ನಡುವೆ ಉಸಿರು ನಿಂತು ಮತ್ತೆ ಗಕ್ಕನೆ ಎಳೆದುಕೊಳ್ಳುತ್ತಾರೆಯೇ, ಹಗಲು ತೂಕಡಿಸುತ್ತಾರೆಯೇ, ರಕ್ತದೊತ್ತಡ ಇದೆಯೇ ಎಂದು ಗಮನಿಸಿ. ಇವೆಲ್ಲ ನಿದ್ರೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯ ಸೂಚನೆಗಳು. ಕಲ್ಲು ಈಗಲೇ ತುರ್ತಲ್ಲದಿದ್ದರೆ ನಿದ್ರಾ ಪರೀಕ್ಷೆಯ ಬಗ್ಗೆ ಕೇಳಬಹುದು. ನಿದ್ದೆಯಲ್ಲಿ ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಈಗಾಗಲೇ ಬಳಸುತ್ತಿದ್ದರೆ ಅದನ್ನು ಆಸ್ಪತ್ರೆಗೇ ಒಯ್ಯಿರಿ. ಆರು ಗಂಟೆ ಊಟವಿಲ್ಲ, ನೀರು ಎರಡು ಗಂಟೆಯ ಮುಂಚಿನವರೆಗೆ ಎಂಬುದು ಸಾಮಾನ್ಯ ನಿಯಮ. ಸಕ್ಕರೆ ಕಾಯಿಲೆಗೋ ತೂಕಕ್ಕೋ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಜಾತಿಯ ಔಷಧಗಳು ಜಠರ ಖಾಲಿಯಾಗುವುದನ್ನು ತಡಮಾಡುತ್ತವೆ, ಅವಿದ್ದರೆ ತಪ್ಪದೆ ತಿಳಿಸಿ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೂ ಹೇಳಿ.

ಹೊರಗೆ ಬಂದ ಮೇಲೆ ತಲೆ ಭಾಗ ಎತ್ತಿಟ್ಟು ಮಲಗಿಸುವುದು, ಅಂಗಾತ ಮಲಗಿಸದಿರುವುದು ಅವರ ಗಂಟಲಿಗೆ ಒಳ್ಳೆಯದು. ಮಾರ್ಫಿನ್ ಜಾತಿಯ ನೋವು ನಿವಾರಕ ಕೊಟ್ಟಾಗ ಆ ರಾತ್ರಿ ನಿಗಾ ಬೇಕು. ಆಕ್ಸಿಜನ್ ಕೊಡುತ್ತಿರುವಾಗ ಬೆರಳಿನ ಮಾಪಕ 98 ತೋರಿಸುತ್ತಿದೆ ಎಂದ ಮಾತ್ರಕ್ಕೆ ಉಸಿರಾಟ ಸಾಕಷ್ಟಿದೆ ಎಂದಾಗುವುದಿಲ್ಲ. ಪಕ್ಕದಲ್ಲಿ ನೀವಿದ್ದರೆ ಎದೆ ಹೊಟ್ಟೆ ಒಟ್ಟಿಗೆ ಏಳುತ್ತಿವೆಯೇ, ಕತ್ತಿನ ಗುಳಿ ಒಳಗೆ ಹೋಗುತ್ತಿದೆಯೇ, ಎಬ್ಬಿಸಿದರೆ ಸರಿಯಾಗಿ ಮಾತಾಡುತ್ತಾರೆಯೇ ನೋಡಿ. ಎಡವಟ್ಟು ಕಂಡರೆ ಕಾಯದೆ ತಕ್ಷಣ ನರ್ಸ್‌ಗೆ ಹೇಳಿ. ಗಂಟಲು ನೋವು ಟ್ಯೂಬ್‌ನಲ್ಲಿ ಎಲ್‌ಎಂಎಗಿಂತ ಹೆಚ್ಚು ಮಂದಿಗೆ ಬರುತ್ತದೆ, ಒಂದೆರಡು ದಿನಕ್ಕೆ ಇಳಿಯುತ್ತದೆ. ಧ್ವನಿ ಒಡೆದದ್ದು ಒಂದು ವಾರ ಕಳೆದರೂ ಸರಿಯಾಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ ಧ್ವನಿತಂತುಗಳ ಪರೀಕ್ಷೆ ಮಾಡಿಸಿ.